ಜೋಳದ ಕಾಳಿನಷ್ಟು ಮಾಂಸ

ಎಡ ಜೇಬಿನಲ್ಲಿ ಫೋನು ನಡುಗುತ್ತಿದ್ದದ್ದು ಗಾಳೇಶನಿಗೆ ಗೊತ್ತಾಗಲಿಲ್ಲ. ಗಂಗಾವತಿಯ ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳುವ ಅವನು ಆ ಹೊತ್ತಿಗೆ ಕರಿಹಲಗೆಯ ಮೇಲೆ ಒಂದು ಸ್ನಾಯುತಂತುವನ್ನು ಉದ್ದಕ್ಕೆ ಎಳೆದು, ಅದರ ಅಂಚಿಗೆ ಕಾಳು ಪೋಣಿಸಿದ ಹಾಗೆ ಕೋಶಕೇಂದ್ರಗಳನ್ನು ಕೂರಿಸುತ್ತಿದ್ದ. "ಸರ್, ನಿಮ್ಮ ಫೋನ್ ಬರಾಕತ್ತೈತ್ರಿ" ಎಂದು ಮುಂದಿನ ಬೆಂಚಿನ ಹುಡುಗಿ ಹೇಳಿದಾಗ ಕ್ಲಾಸು ಕಿಸಕ್ಕನೆ ನಕ್ಕಿತು. ತನ್ನ ತೊಡೆಯ ಮೇಲೆ ಆಗುವುದನ್ನು ಮೂರು ಗಜ ದೂರದ ಹುಡುಗಿ ಹೇಳಿ ತಿಳಿಯಬೇಕಾದ ಮನುಷ್ಯನನ್ನು ನೋಡಿ ನಗದೆ ಇನ್ನೇನು ಮಾಡುತ್ತಾರೆ! ನಾಲ್ಕು ತಿಂಗಳಿಂದ ಎಡ ತೊಡೆಯ ಹೊರಮಗ್ಗುಲಲ್ಲಿ ಹೆಬ್ಬೆಟ್ಟಿನಗಲ ಜಾಗ ಮರಗಟ್ಟಿತ್ತು. ಚಿವುಟಿದರೆ ಚಿವುಟಿದ ಬೆರಳಿಗೆ ಗೊತ್ತಾಗುತ್ತಿತ್ತೇ ಹೊರತು ತೊಡೆಗೆ ಗೊತ್ತಾಗುತ್ತಿರಲಿಲ್ಲ. ಸ್ನಾನ ಮಾಡುವಾಗ ಬಿಸಿ ನೀರು ಆ ಜಾಗದ ಸುತ್ತ ಹರಿದು ಹೋಗುತ್ತಿತ್ತು, ಅಲ್ಲಿ ಮಾತ್ರ ನೀರೂ ಇಲ್ಲ, ಬಿಸಿಯೂ ಇಲ್ಲ. ಮೊದಮೊದಲು ಭಯವಾಗಿತ್ತು. ಆಮೇಲೆ ಅದು ಬೇಕು ಅನ್ನಿಸತೊಡಗಿತ್ತು. ಮೈಯೆಲ್ಲ ಹೀಗೇ ಆದರೆ ಎಷ್ಟು ಹಗುರ ಎಂದು ಒಂದೆರಡು ಸಲ ಯೋಚಿಸಿದ್ದ. ಫೋನು ತೆಗೆದು ನೋಡಿದ. ಐಶ್ವರ್ಯ.

ಒಂಬತ್ತು ವರ್ಷದ ಹಿಂದೆ ಇದೇ ಬೆಂಚುಗಳ ಮೇಲೆ ಕುಳಿತು ಇದೇ ಪಾಠ ಕೇಳಿದ್ದ ಹುಡುಗಿ ಐಶ್ವರ್ಯ. ಈಗ ಧಾರವಾಡದಲ್ಲಿ ಸ್ನಾಯುವಿನ ಮೇಲೆ ಸಂಶೋಧನೆ ಮಾಡುತ್ತಿದ್ದಳು. ದುಡಿದ ಸ್ನಾಯು ಹೇಗೆ ಬದಲಾಗುತ್ತದೆ, ಆ ಬದಲಾವಣೆ ಎಲ್ಲಿ ಉಳಿಯುತ್ತದೆ ಎಂಬುದು ಅವಳ ವಿಷಯ. ತೊಡೆಯ ಸ್ನಾಯುವಿನ ಚೂರು ತೆಗೆದು ಹೋಲಿಸಲು ಅವಳಿಗೆ ಎರಡು ಗುಂಪು ಬೇಕಾಗಿತ್ತು. ಒಂದು, ಇಪ್ಪತ್ತು ಮೂವತ್ತು ವರ್ಷ ಚೀಲ ಹೊತ್ತ ಹಮಾಲರದು. ಇನ್ನೊಂದು, ಜನ್ಮದಲ್ಲಿ ಭಾರ ಎತ್ತದವರದು. ಗಾಳೇಶ ಎರಡನೆಯ ಗುಂಪಿನಲ್ಲಿದ್ದ. "ಈ ಹಿಂದೆ ಎಂದಾದರೂ ಭಾರವಾದ ದೈಹಿಕ ಕೆಲಸ ಮಾಡಿದ್ದೀರಾ?" ಎಂಬ ಸಾಲಿನ ಮುಂದೆ 'ಇಲ್ಲ' ಎಂದು ಬರೆದು, ಕೆಳಗೆ ಸಹಿ ಹಾಕಿ ಕೊಟ್ಟಿದ್ದ. ಕ್ಲಾಸು ಮುಗಿಸಿ ಸೈಕಲ್ ಸ್ಟ್ಯಾಂಡಿನ ಬೇವಿನ ಗಿಡದ ಕೆಳಗೆ ನಿಂತು ಅವಳಿಗೆ ಫೋನು ಹಚ್ಚಿದ.

"ಸರ್, ಒಂದು ಸಣ್ಣ ವಿಷಯ ಕೇಳಬೇಕಿತ್ತು, ತಪ್ಪು ತಿಳೀಬ್ಯಾಡ್ರಿ" ಎಂದಳು ಐಶ್ವರ್ಯ. "ನಿಮ್ಮ ತಂತುದಾಗ ಕೋಶಕೇಂದ್ರ ಭಾಳ ಅದಾವ್ರಿ. ತಂತು ನೋಡಿದ್ರ ಸಣ್ಣದು, ಕುಂತು ಕೆಲಸ ಮಾಡೋರದು ಇರೋ ಹಂಗ. ಕೇಂದ್ರ ಎಣಿಸಿದ್ರ ಹಮಾಲರ ಲೆಕ್ಕಕ್ಕ ಬರತಾವ. ಮೂರು ಸರ್ತಿ ಎಣಿಸೀನಿ ಸರ್."

"ಹಂಗಂದ್ರ?" ಎಂದ, ಹಂಗಂದರೆ ಏನು ಎಂದು ಗೊತ್ತಿದ್ದೂ.

"ನೀವೇ ಹೇಳಿಕೊಟ್ಟಿದ್ದು. ಭಾರ ಬಿದ್ದಾಗ ಹೊರಗ ಮಲಗಿದ್ದ ಕೋಶ ಎದ್ದು ಬಂದು ತಂತುದಾಗ ಸೇರಿಕೊಂಡು ತಮ್ಮ ಕೇಂದ್ರ ಕೊಡತಾವ. ಕೆಲಸ ಬಿಟ್ರ ತಂತು ಸೊರಗತೈತಿ, ಕೇಂದ್ರ ಮಾತ್ರ ಹೋಗಂಗಿಲ್ಲ ಅಂತ ಕೆಲವರು ಅಂತಾರ. ಮಂದಿ ಇನ್ನೂ ಜಗಳಾಡಾಕತ್ತಾರ ಅದರ ಮ್ಯಾಲ, ಖಾತ್ರಿ ಏನಿಲ್ಲ. ಅದಕ್ಕ ಕೇಳಿದೆ. ಸಣ್ಣಾವರಿದ್ದಾಗ ಗರಡಿ, ಪೈಲ್ವಾನಕಿ, ಏನರ?"

"ಇಲ್ಲಲ್ಲಮ್ಮಾ."

"ಹಂಗಾರ ಚೀಟಿ ಅದಲು ಬದಲಾಗಿರಬೇಕ್ರಿ. ಅವತ್ತು ನಿಮ್ಮ ಬಾಜೂ ಕಾಟಿನ ಮ್ಯಾಲ ಕಾರಟಗಿ ಮಾರೆಪ್ಪ ಇದ್ರಲ್ಲ, ಅವರಿಗೂ ಒಂದು ಫೋನ್ ಮಾಡಿ ಕೇಳತೀನಿ. ಸಂಜೀ ಐದರೊಳಗ ಪಟ್ಟಿ ಕಳಿಸಬೇಕು ಸರ್. ನಿಮಗ ಏನರ ನೆನಪಾದ್ರ ಹೇಳ್ರಿ."

ಮಾರೆಪ್ಪ ಗಾಳೇಶನ ಸ್ವಂತ ಅಣ್ಣ. ಒಂದೇ ತಾಯಿ ಹೊಟ್ಟೆಯಲ್ಲಿ, ಏಳು ವರ್ಷ ಮೊದಲು, ಯಲಬುರ್ಗಾ ಸೀಮೆಯ ತಳಕಲ್ಲಿನಲ್ಲಿ ಹುಟ್ಟಿದವನು. ಅದು ಐಶ್ವರ್ಯಳಿಗೆ ಗೊತ್ತಿರಲಿಲ್ಲ. ಗೊತ್ತಾಗದ ಹಾಗೆ ನೋಡಿಕೊಂಡವನು ಗಾಳೇಶನೇ. ಹಮಾಲರನ್ನು ಪರಿಚಯ ಮಾಡಿಸಿ ಸರ್ ಎಂದು ಅವಳು ಬಂದಾಗ ಅವಳನ್ನು ಕಾರಟಗಿಯ ಒಂದು ಅಕ್ಕಿ ಗಿರಣಿಗೆ ಕರೆದುಕೊಂಡು ಹೋಗಿದ್ದ. ಅಣ್ಣ ಇನ್ನೂ ತನ್ನ ಹಳೆಯ ಗಿರಣಿಯಲ್ಲೇ ಇದ್ದಾನೆ, ಇಲ್ಲಿಲ್ಲ ಎಂದೇ ತಿಳಿದಿದ್ದ. ಮೇಸ್ತ್ರಿ ಶಫೀಸಾಬ ಏಳೆಂಟು ಜನರನ್ನು ಸಾಲಾಗಿ ನಿಲ್ಲಿಸಿದಾಗ ಅದರಲ್ಲಿ ಮೂರನೆಯವನು, ತಲೆಗೆ ಗೋಣಿಯ ಕೊಪ್ಪೆ, ಹುಬ್ಬಿನ ಮೇಲೆಲ್ಲ ಭತ್ತದ ಧೂಳು, ಮಾರೆಪ್ಪ. ಅಣ್ಣನ ಬಾಯಿ ಆಗಲೇ ಅರ್ಧ ತೆರೆದಿತ್ತು, ನಗುವುದಕ್ಕೋ ಕರೆಯುವುದಕ್ಕೋ. ಗಾಳೇಶ ಅದಕ್ಕಿಂತ ಮೊದಲೇ ಕೇಳಿಬಿಟ್ಟ: "ಏನಪ್ಪಾ, ನಿನ್ನ ಹೆಸರೇನು?" ಹೊತ್ತು ಆಡಿಸಿದ ಅಣ್ಣನ ಹೆಸರನ್ನು, ಕೈಯಲ್ಲೊಂದು ಪೆನ್ನು ಹಿಡಿದು! ತೆರೆದ ಬಾಯಿ ಮುಚ್ಚಿತು. ಕೊಪ್ಪೆ ತೆಗೆದು ಕೈಯಲ್ಲಿ ಹಿಡಿದುಕೊಂಡು ಅಣ್ಣ, "ಮಾರೆಪ್ಪ ಅಂತಾರ್ರಿ ಸರ್" ಎಂದ. ಗಾಳೇಶ ಅದನ್ನು ಬರೆದುಕೊಂಡ. ಅಕ್ಷರ ಚೆನ್ನಾಗಿಯೇ ಬಂದಿದ್ದವು.

ಯಾಕೆ ಹಾಗೆ ಮಾಡಿದೆ ಎಂದು ಆಮೇಲೆ ಎಷ್ಟೋ ಸಲ ತನ್ನನ್ನೇ ಕೇಳಿಕೊಂಡಿದ್ದ. ದೊಡ್ಡ ಕಾರಣ ಸಿಕ್ಕಿದ್ದರೆ ಒಂದು ಸಮಾಧಾನವಿರುತ್ತಿತ್ತು. ಹನ್ನೆರಡು ವರ್ಷದ ಹಿಂದೆ ಕಾಲೇಜಿಗೆ ಸೇರಿದ ದಿನ ಕಾಮರ್ಸಿನ ಪ್ರಭುರಾಜ, ನಿಮ್ಮ ಮನಿಯವರು ಏನು ಮಾಡತಾರ ಎಂದು ಕೇಳಿದ್ದ. "ಕಾರಟಗಿ ರೈಸ್‌ಮಿಲ್ಲಿನಾಗ ಅದಾರ್ರಿ" ಎಂದಿದ್ದ ಗಾಳೇಶ. ಅದು ಸುಳ್ಳಲ್ಲ. "ಓಹೋ, ಮಿಲ್ ಮಂದಿ!" ಎಂದು, ಮಾಲೀಕರ ಮನೆಯವನೆಂದೇ ತಿಳಿದ ಪ್ರಭುರಾಜ ಕುರ್ಚಿ ಎಳೆದು ಕೊಟ್ಟ. ಕೊಟ್ಟ ಕುರ್ಚಿಯ ಮೇಲೆ ಕುಳಿತದ್ದಷ್ಟೇ ಗಾಳೇಶನ ತಪ್ಪು. ಕುಳಿತವನು ಇವತ್ತಿನವರೆಗೂ ಏಳಲಿಲ್ಲ. ಈಗ ಐಶ್ವರ್ಯಳ ಫೋನು ಮುಗಿಸಿ ಅರ್ಧ ದಿನದ ರಜೆ ಬರೆದು ಕೊಡಲು ಸ್ಟಾಫ್ ರೂಮಿಗೆ ಹೋದಾಗ ಅದೇ ಪ್ರಭುರಾಜ ಡಬ್ಬಿ ಬಿಚ್ಚುತ್ತ, "ಯಾಕ್ರೀ, ಹೆಗಲು ಜಾಡಿಸಿಕೊಳ್ಳಾಕತ್ತೀರಿ, ಸುಣ್ಣ ಹತ್ತೇತೇನು?" ಎಂದ. ಕೈ ಹೆಗಲಿಗೆ ಹೋಗಿದ್ದು ಆಗಲೇ ಗಾಳೇಶನಿಗೆ ತಿಳಿದದ್ದು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂದು ತಾನೇ ಎಷ್ಟು ಹುಡುಗರಿಗೆ ಚೇಷ್ಟೆ ಮಾಡಿದ್ದ. "ಚಾಕ್‌ಪೀಸ್ ಧೂಳ್ರಿ" ಎಂದು ಹೊರಗೆ ಬಂದ.

ಕಾರಟಗಿಯ ಬಸ್ಸು ಶ್ರೀರಾಮನಗರ ದಾಟಿದರೂ ಅವನಿಗೆ ಕೂರಲು ಜಾಗ ಸಿಗಲಿಲ್ಲ. ನಿಂತೇ ಲೆಕ್ಕ ಹಾಕಿದ. ಐಶ್ವರ್ಯ ಫೋನು ಮಾಡುವುದರೊಳಗೆ ಅಣ್ಣನನ್ನು ಕಂಡು, ಏನೂ ಹೇಳಬೇಡ ಎನ್ನಬೇಕು. ಹೇಳಿದರೆ ಸಹಿ ಹಾಕಿದ ಕಾಗದ ಸುಳ್ಳಾಗುತ್ತದೆ. ಸಂಶೋಧನೆಗೆ ಸುಳ್ಳು ಬರೆದುಕೊಟ್ಟ ಜೀವಶಾಸ್ತ್ರದ ಮೇಷ್ಟ್ರು. ಅದಕ್ಕಿಂತ ಹೆಚ್ಚಾಗಿ, ಒಡಹುಟ್ಟಿದವನ ಹೆಸರು ಕೇಳಿದ ಮನುಷ್ಯ. ಐಶ್ವರ್ಯ ತನ್ನ ಹಳೆಯ ಗೆಳತಿಯರಿಗೆ ಹೇಳುತ್ತಾಳೆ, ಅವರಲ್ಲೊಬ್ಬಳು ಪ್ರಭುರಾಜನ ಸೊಸೆ. ಹೀಗೆಲ್ಲ ಯೋಚಿಸುತ್ತಿರುವಾಗಲೂ ಎದೆ ಬಡಿದುಕೊಳ್ಳಲಿಲ್ಲ, ಬೆವರು ಬರಲಿಲ್ಲ. ಬೇರೆ ಯಾರದೋ ಅರ್ಜಿ ಓದಿದ ಹಾಗಿತ್ತು. ಕಿಟಕಿಯಾಚೆ ಕೊಯ್ದ ಗದ್ದೆ, ಕಾಲುವೆ, ವಲಸೆ ರೈತರ ಕ್ಯಾಂಪಿನ ಬಿಳಿ ಗೋಡೆಗಳು, ಮತ್ತೆ ಕೊಯ್ದ ಗದ್ದೆ.

ಸಿದ್ದಾಪುರದಲ್ಲಿ ಸೀಟು ಸಿಕ್ಕಿತು. ಪಕ್ಕದವನ ಮೊಣಕಾಲು ತನ್ನ ಎಡ ತೊಡೆಗೆ ತಾಗುತ್ತಿದ್ದದ್ದನ್ನು ಕಣ್ಣಿಂದ ನೋಡಿ ತಿಳಿದುಕೊಂಡ. ನಾಲ್ಕು ತಿಂಗಳ ಹಿಂದೆ ಆಸ್ಪತ್ರೆಯಲ್ಲಿ ಹೀಗೆಯೇ ಎರಡು ತೊಡೆ ಪಕ್ಕಪಕ್ಕದಲ್ಲಿದ್ದವು. ಎರಡು ಕಬ್ಬಿಣದ ಕಾಟು, ನಡುವೆ ಒಂದು ಸ್ಟೂಲು. ಡಾಕ್ಟರು ಮೊದಲು ಅಣ್ಣನ ತೊಡೆಗೆ ಮರಗಟ್ಟಿಸುವ ಸೂಜಿ ಚುಚ್ಚಿ, ಚರ್ಮವನ್ನು ಭತ್ತದ ಕಾಳಿನಷ್ಟು ಸೀಳಿ, ಕೊಳವೆಯಂಥದನ್ನು ಒಳಗಿಳಿಸಿ ಜೋಳದ ಕಾಳಿನಷ್ಟು ಮಾಂಸ ತೆಗೆದರು. ಐಶ್ವರ್ಯ ಅದನ್ನು ಹೊಗೆಯಾಡುವ ಚಳಿಯ ಡಬ್ಬಿಗೆ ಹಾಕಿದಳು. ಆಮೇಲೆ ಗಾಳೇಶನ ಎಡ ತೊಡೆಯಿಂದಲೂ, ಈಗ ಮರಗಟ್ಟಿರುವ ಜಾಗದಿಂದಲೇ, ಹಾಗೆಯೇ ತೆಗೆದರು. ಹಮಾಲನ ತೊಡೆ ಕರಿ, ಬಿಗಿ, ಹಗ್ಗ ಹೊಸೆದ ಹಾಗೆ. ಮೇಷ್ಟ್ರ ತೊಡೆ ಬಿಳಿಚಿಕೊಂಡು ಮೆತ್ತಗೆ. ಯಾರು ನೋಡಿದರೂ ಎರಡು ಗುಂಪು ಎಂದೇ ಹೇಳಬೇಕು. ಚಿಕ್ಕವರಿದ್ದಾಗ ಅವ್ವ ಈ ನಾಲ್ಕೂ ತೊಡೆಗಳಿಗೆ ಒಂದೇ ಬಟ್ಟಲಿನ ಎಣ್ಣೆ ಹಚ್ಚಿ ಬಿಸಿಲಿಗೆ ಬಿಡುತ್ತಿದ್ದಳು. ಐಶ್ವರ್ಯ ಡಬ್ಬಿ ಹಿಡಿದು ಆಚೆ ಹೋದ ಗಳಿಗೆಯಲ್ಲಿ, ಸೂರು ನೋಡುತ್ತಲೇ ಮಾರೆಪ್ಪ, "ನೋವಾತೇನೋ?" ಎಂದ. ಅವತ್ತು ಅವನು 'ಸರ್' ಅನ್ನದೆ ಆಡಿದ ಮಾತು ಅದೊಂದೇ. ಗಾಳೇಶ ಅವನ ಕಡೆ ತಿರುಗದೆ, "ಇಲ್ಲ" ಎಂದ. ಆಮೇಲೆ ಮಾರೆಪ್ಪ ತಮ್ಮನ ಮನೆಗೆ ಬರಲಿಲ್ಲ. ದೀಪಾವಳಿಗೂ ಬರಲಿಲ್ಲ. "ಭಾವನವ್ರು ಯಾಕ ಬರವಲ್ಲರು?" ಎಂದು ಹೆಂಡತಿ ಕವಿತಾ ಎರಡು ಸಲ ಕೇಳಿದಳು. ಎರಡು ಸಲವೂ ಗಾಳೇಶ, ಸುಗ್ಗಿ ಐತಲ್ಲ, ಕೆಲಸ ಇರತೈತಿ ಎಂದ.

ತೊಂಬತ್ತೇಳರ ಸುಗ್ಗಿಯಲ್ಲಿ ಅವನೂ ಇದ್ದನಲ್ಲ. ಪಿಯುಸಿ ನಪಾಸಾಗಿ, ಹದಿನೆಂಟನೆಯ ವಯಸ್ಸಿಗೆ ಅಣ್ಣನ ಹಿಂದೆ ಕಾರಟಗಿಗೆ ಬಂದು ಎರಡು ವರ್ಷ ಚೀಲ ಹೊತ್ತವನು. ಎಪ್ಪತ್ತೈದು ಕಿಲೋ ಭತ್ತದ ಚೀಲ. ಹೊರುವವನು ಬಗ್ಗಿ ನಿಲ್ಲಬೇಕು, ಇಬ್ಬರು ಎತ್ತುವವರು ಚೀಲದ ಮೂಲೆಯ ಕಿವಿ ಹಿಡಿದು ಬೆನ್ನಿಗಿಡಬೇಕು, "ಬಿಡ್ಲೇನು?" ಎಂದು ಕೇಳಬೇಕು. ಹೊತ್ತವನು "ಬಿಡು" ಅನ್ನುವವರೆಗೆ ಎತ್ತಿದವನು ಕೈ ಬಿಡುವ ಹಾಗಿಲ್ಲ. ಹೊತ್ತವನು "ಬಿಡು" ಅಂದ ಮೇಲೆ ಹಿಡಿದುಕೊಳ್ಳುವ ಹಾಗೂ ಇಲ್ಲ, ಹಾಗೆ ಮಾಡಿದರೆ ಹೊತ್ತವನಿಗೆ ಅವಮಾನ. ಗ್ಯಾಂಗಿನಲ್ಲಿ ಅದೊಂದು ನೇಮ. ಮೊದಲ ದಿನ ಗಾಳೇಶ ಹುಡುಗಾಟದ ಧಿಮಾಕಿನಲ್ಲಿ "ಬಿಡು" ಎಂದುಬಿಟ್ಟ. ತೊಡೆ ಎರಡೂ ಗಡಗಡ ನಡುಗುತ್ತಿದ್ದವು. ಹಲಗೆ ಹತ್ತಿ ಲಾರಿಯವರೆಗೆ ಹೋಗಿ ಚೀಲ ಇಳಿಸಿ ತಿರುಗಿ ನೋಡಿದರೆ ಹಿಂದೆ ಮಾರೆಪ್ಪ ನಿಂತಿದ್ದ, ಬೆರಳೆಲ್ಲ ಕೆಂಪಗೆ. ಅಷ್ಟು ದೂರವೂ ಚೀಲದ ತಳ ಹಿಡಿದು ಹಿಂದೆಯೇ ಬಂದಿದ್ದ. ಗ್ಯಾಂಗೆಲ್ಲ ನಕ್ಕಿತ್ತು. ಗಾಳೇಶನಿಗೆ ಎಂಥ ಸಿಟ್ಟು ಬಂದಿತ್ತೆಂದರೆ ಆ ರಾತ್ರಿ ಅಣ್ಣನ ಜೊತೆ ಊಟಕ್ಕೆ ಕೂರಲಿಲ್ಲ. ಆರು ತಿಂಗಳಲ್ಲಿ ತೊಡೆ ಗಟ್ಟಿಯಾಯಿತು. ತಂತು ಹರಿದು, ಕೂಡಿ, ದಪ್ಪವಾಗಿ. ಎರಡನೆಯ ವರ್ಷದ ಕೊನೆಗೆ ಅಣ್ಣನೇ ಪರೀಕ್ಷೆಯ ಅರ್ಜಿ ತಂದುಕೊಟ್ಟು, "ಸಾಕು, ಇನ್ನ ನಿನ್ನ ಹೊರಿ ನಂದು, ಸಾಲಿಗಿ ಹೋಗು" ಎಂದಿದ್ದ. ಆಮೇಲೆ ತೊಡೆ ಸೊರಗಿತು. ಎಲ್ಲ ಅಳಿಸಿಹೋಯಿತು ಎಂದೇ ಗಾಳೇಶ ನಂಬಿದ್ದ. ಕನ್ನಡಿಯಲ್ಲಿ ಏನೂ ಕಾಣುತ್ತಿರಲಿಲ್ಲ.

ಗಿರಣಿಯ ಅಂಗಳದಲ್ಲಿ ಲಾರಿಯೊಂದು ಹಿಂಬದಿ ತೆರೆದುಕೊಂಡು ನಿಂತಿತ್ತು. ಭತ್ತ ಬೇಯಿಸುವ ಹುಳಿ ವಾಸನೆ. ಹೊಟ್ಟಿನ ಬೂದಿ ಮೇಲಿಂದ ಸಣ್ಣಗೆ ಉದುರಿ ಅಂಗಿಯ ಮೇಲೆ ಕೂರುತ್ತಿತ್ತು. ಗ್ಯಾಂಗು ಚೀಲ ಹೇರುತ್ತಿತ್ತು. ಮೂರೂವರೆಯಾಗಿತ್ತು. ಮೇಸ್ತ್ರಿ ಶಫೀಸಾಬ ಮೊದಲು ಗುರುತು ಹಿಡಿದು, "ಆಯಿಯೇ ಸಾಬ್, ಬರ್ರಿ ಬರ್ರಿ" ಎಂದು ಪ್ಲಾಸ್ಟಿಕ್ ಕುರ್ಚಿ ತರಿಸಿದ. ತಂದವನು ಮಾರೆಪ್ಪ. ಹೆಗಲ ಮೇಲಿನ ಟವೆಲು ತೆಗೆದು ಕುರ್ಚಿಯ ಮೇಲಿನ ಬೂದಿ ಝಾಡಿಸಿ, "ಕೂಡ್ರಿ ಸರ್" ಎಂದ. ಗಾಳೇಶ ಕುಳಿತ.

"ಆ ಮೇಡಂ ಫೋನ್ ಮಾಡಿದ್ರೇನು ನಿನಗ?" ಎಂದು ಮೆತ್ತಗೆ ಕೇಳಿದ.

"ಹೂಂರಿ. ಆಗಲೇ, ಊಟದ ಹೊತ್ತಿಗೆ. ಚೀಟಿ ಬದಲಾಗೇತೇನು ಅಂದ್ರು, ನನಗ ಓದಾಕ ಬರಂಗಿಲ್ರಿ ಅಂದೆ. ಆ ಸರ್ ನಿಮ್ಮ ಜೋಡಿ ಮಾತಾಡ್ಯಾರೇನು, ಹಿಂದ ಎಂದರ ಚೀಲ ಎತ್ತ್ಯಾರೇನು, ಗೊತ್ತೈತೇನು ಅಂತ ಕೇಳಿದ್ರು."

"ನೀ ಏನಂದಿ?"

"ಏನನ್ನಬೇಕ್ರಿ? ಆ ಸರ್ ಕೈ ನೋಡೀನಿ, ಒಂದು ಚೀಲ ಮುಟ್ಟಿದ ಕೈ ಅಲ್ಲ ಯವ್ವಾ, ಬೇಕಂದ್ರ ಆಣಿ ಮಾಡತೀನಿ ಅಂದೆ. ಹಂಗಾರ ನಮ್ಮದೇ ಎಣಿಕಿ ತಪ್ಪು ಅಂತ ಫೋನ್ ಇಟ್ರು. ನೀವೇನು ಚಿಂತಿ ಮಾಡಬ್ಯಾಡ್ರಿ ಸರ್."

ಸುಳ್ಳು ಹೇಳು ಎಂದು ಕೇಳಲು ಇಷ್ಟು ದೂರ ಬಂದರೆ, ಕೇಳುವ ಕಷ್ಟವೂ ಬೇಡವೆಂದು ಅಣ್ಣ ಅದನ್ನು ಮೊದಲೇ ಹೇಳಿ ಮುಗಿಸಿದ್ದ. ಹಗುರವಾಗಬೇಕಿತ್ತು. ಆಗಲಿಲ್ಲ. ನಾಚಿಕೆಯಾಯಿತು ಎಂದರೂ ಪೂರ್ತಿ ನಿಜವಲ್ಲ. ನಾಚಿಕೆ ಸುತ್ತಲೂ ಹರಿಯುತ್ತಿತ್ತು, ನಡುವೆ ಅವನಿದ್ದ. ಪಕ್ಕದಲ್ಲಿ ನಿಂತ ಶಫೀಸಾಬ ಎಲೆ ಅಡಿಕೆ ಮೆಲ್ಲುತ್ತ ತನ್ನ ಪಾಡಿಗೆ ಮಾತಿಗೆ ಶುರು ಮಾಡಿದ. "ನಮ್ಮ ಮಾರೆಪ್ಪನ ತಮ್ಮನೂ ನಿಮ್ಮ ಗಂಗಾವತ್ಯಾಗ ಮಾಸ್ತರ್ ಅದಾನಂತ್ರಿ. ಅವನ ಬಗ್ಗೆ ಹೇಳಿ ಹೇಳಿ ನಮ್ಮ ತಲಿ ತಿಂತಿದ್ದ ಮೊದಲೆಲ್ಲ. ನೀವು ಬಂದು ಹೋದ ದಿನ ನಾ ಕೇಳಿದೆ, ಯಾಕೋ ಮಾರೆಪ್ಪ, ಇವರ ಮಾರಿ ನಿನ್ನ ಮಾರಿ ಹಂಗ ಐತಲ್ಲ, ಇವರೇನು ನಿನ್ನ ತಮ್ಮ ಅಂತ. ಏ ಅಲ್ರಿ ಸಾಬ್ರ, ನನ್ನ ತಮ್ಮ ಬ್ಯಾರೆ, ಅವ ಹಿಂಗಿಲ್ಲ ಅಂದ. ಅವತ್ತಿನಿಂದ ತಮ್ಮನ ಮಾತು ತಗದೇ ಇಲ್ಲ ನೋಡ್ರಿ."

ಮಾರೆಪ್ಪ ಆಗಲೇ ಲಾರಿಯ ಕಡೆ ಹೋಗಿದ್ದ. ಬಗ್ಗಿ, ಕೈ ಹಿಂದೆ ಮಾಡಿ ನಿಂತ. ಇಬ್ಬರು ಚೀಲ ಇಟ್ಟರು. "ಬಿಡ್ಲೇನು?" "ಬಿಡು." ಎಡ ಮೊಣಕಾಲು ಒಂದು ಗಳಿಗೆ ಒಳಕ್ಕೆ ವಾಲಿ ಸರಿಯಾಯಿತು. ಐವತ್ತು ವರ್ಷ. ಗಾಳೇಶ ಕುರ್ಚಿಯಿಂದ ಎದ್ದು ನಾಲ್ಕು ಹೆಜ್ಜೆ ಹೋದ. ಚೀಲ ಇಳಿಸಿ ಹಲಗೆಯಿಂದ ಕೆಳಗೆ ಬರುತ್ತಿದ್ದವನನ್ನು, "ಅಣ್ಣಾ" ಎಂದು ಕರೆದ. ಗ್ಯಾಂಗಿನವರಿಗೂ ಕೇಳಿಸಿತು. ಮಾರೆಪ್ಪ ನಿಂತು ಅತ್ತಿತ್ತ ನೋಡಿ, "ಯಾರನ್ನ ಕರದ್ರಿ ಸರ್?" ಎಂದ. ಆ ಮಾತಿನಲ್ಲಿ ಕೊಂಕಿರಲಿಲ್ಲ, ಸೇಡಿರಲಿಲ್ಲ. ಅದೇ ಹೆದರಿಕೆ ಹುಟ್ಟಿಸಿತು. ನಾಲ್ಕು ತಿಂಗಳು ಹೊತ್ತ ಭಾರಕ್ಕೆ ಅಣ್ಣನ ಮೈ ಹೊಂದಿಕೊಂಡುಬಿಟ್ಟಿತ್ತು, ಒಳಗೆಲ್ಲ ಬೆಳೆದು ಗಟ್ಟಿಯಾಗಿತ್ತು. ಅವನು ಇನ್ನು ಎಷ್ಟು ವರ್ಷ ಬೇಕಾದರೂ ಇದನ್ನು ಹೊರಬಲ್ಲ. ಎಣಿಸಿ ತೋರಿಸಬಲ್ಲವರು ಯಾರೂ ಇರುವುದಿಲ್ಲ. ಗಾಳೇಶನಿಗೆ ಅಳು ಬರುತ್ತದೇನೋ ಅನ್ನಿಸಿತು. ಬರಲಿಲ್ಲ.

ಅಲ್ಲೇ ನಿಂತು ಫೋನು ಹಚ್ಚಿದ. ಎಲ್ಲರಿಗೂ ಕೇಳುವ ಹಾಗೆ, ಕ್ಲಾಸಿನಲ್ಲಿ ಪಾಠ ಮಾಡುವ ಎತ್ತರದ ದನಿಯಲ್ಲಿ ಮಾತಾಡಿದ. ಅವನಿಗೆ ಗೊತ್ತಿದ್ದ ದನಿ ಅದೊಂದೇ.

"ಐಶ್ವರ್ಯಾ, ನಿನ್ನ ಎಣಿಕಿ ತಪ್ಪಿಲ್ಲಮ್ಮಾ. ಚೀಟಿನೂ ಬದಲಾಗಿಲ್ಲ. ನಾ ಚೀಲ ಹೊತ್ತೀನಿ. ತೊಂಬತ್ತೇಳರಿಂದ ಎರಡು ವರ್ಷ, ಕಾರಟಗ್ಯಾಗ. ಆ ಕಾಗದದಾಗ ಸುಳ್ಳು ಬರದೀನಿ. ಮಾರೆಪ್ಪ ನನ್ನ ಅಣ್ಣ."

ಶಫೀಸಾಬನ ಬಾಯಿ ಮೆಲ್ಲುವುದನ್ನು ನಿಲ್ಲಿಸಿತ್ತು.

"ಅವರ ಹೆಸರು ನೀವೇ ಕೇಳಿ ಬರಕೊಂಡ್ರಲ್ಲ ಸರ್" ಎಂದಳು ಐಶ್ವರ್ಯ.

"ಹೌದು."

"ಮತ್ತ ಅವರ್ಯಾಕ ನಿಮ್ಮ ಸಲುವಾಗಿ ಸುಳ್ಳು ಹೇಳಿದ್ರು?"

"ನನ್ನ ಹೊರಿ ಹೊತ್ತು ರೂಢಿ ಆಗೇತಿ ಅವಗ."

ಅವಳು ಉಸಿರು ಬಿಟ್ಟದ್ದು ಕೇಳಿಸಿತು. "ನಿಮ್ಮದು ತೆಗೀಬೇಕಾಗತೈತಿ ಸರ್, ಪಟ್ಟಿಯಿಂದ. ಭಾರ ಎತ್ತದವರ ಗುಂಪಿನಾಗ ನೀವು ಇರಾಕ ಬರಂಗಿಲ್ಲ."

"ಹಮಾಲರ ಗುಂಪಿನಾಗ?"

"ಅಲ್ಲಿನೂ ಬರಂಗಿಲ್ರಿ. ಅದಕ್ಕ ಇಪ್ಪತ್ತು ವರ್ಷರ ಆಗಿರಬೇಕು, ಈಗ ಹೊರತಿರಬೇಕು. ನೀವು ಯಾವ ಗುಂಪಿಗೂ ಬರಂಗಿಲ್ಲ ಸರ್. ನಾ ಆಮ್ಯಾಲ ಮಾಡತೀನಿ" ಎಂದು ಫೋನಿಟ್ಟಳು. ಮಾಡುತ್ತಾಳೋ ಇಲ್ಲವೋ ಅವನಿಗೆ ತಿಳಿಯಲಿಲ್ಲ.

ಫೋನನ್ನು ಎಡ ಜೇಬಿಗೇ ಹಾಕಿಕೊಂಡ. ಅದು ತೊಡೆಗೆ ತಾಗಿದ್ದು ತಿಳಿಯಲಿಲ್ಲ. ಆ ಜಾಗ ಹಾಗೆಯೇ ಇತ್ತು. ಬೂದಿ ಉದುರುತ್ತಲೇ ಇತ್ತು. ಗ್ಯಾಂಗಿನ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಮೇಷ್ಟ್ರನ್ನು ನೋಡದೆ ನಿಂತಿದ್ದರು. ಮಾರೆಪ್ಪ ಟವೆಲಿನಿಂದ ಮುಖ ಒರೆಸಿಕೊಂಡ, ಕತ್ತು ಒರೆಸಿಕೊಂಡ, ಒರೆಸಿದ್ದನ್ನೇ ಮತ್ತೆ ಒರೆಸಿಕೊಂಡ.

"ಏನಂದ್ಲು ಆ ಹುಡುಗಿ?" ಎಂದ.

"ನಾ ಯಾವ ಗುಂಪಿಗೂ ಬರಂಗಿಲ್ಲಂತ."

ಮಾರೆಪ್ಪ ಲಾರಿಯ ಕಡೆ ನೋಡಿದ. ಇನ್ನೂ ಅರ್ಧ ಲಾರಿ ಖಾಲಿ ಇತ್ತು. ಎತ್ತುವವರಲ್ಲಿ ಒಬ್ಬ ನೀರು ಕುಡಿಯಲು ಹೋಗಿದ್ದ. ಮಾರೆಪ್ಪ ಟವೆಲನ್ನು ಹೆಗಲಿಗೆ ಹಾಕಿಕೊಂಡು, ಚೀಲದ ಮುಂದೆ ಬಗ್ಗಿ, ಕೈ ಹಿಂದೆ ಮಾಡಿ ನಿಂತ. ತಮ್ಮನ ಕಡೆ ತಿರುಗಲಿಲ್ಲ.

"ಗಾಳ್ಯಾ," ಎಂದ, "ಆ ಕಡಿ ಕಿವಿ ಹಿಡಿ."

ಇಸ್ತ್ರಿ ಮಾಡಿದ ಅಂಗಿಯ ತೋಳು ಮಡಚುವುದಕ್ಕೂ ನೆನಪಾಗದೆ ಗಾಳೇಶ ಚೀಲದ ಕಿವಿ ಹಿಡಿದ. ಬೆರಳು ತಾವೇ ಗೋಣಿಯನ್ನು ಒಂದು ಸುತ್ತು ತಿರುವಿಕೊಂಡವು. ಆ ಕಡೆಯವನ ಜೊತೆ ಎತ್ತಿ ಅಣ್ಣನ ಬೆನ್ನಿಗಿಟ್ಟ. ಎರಡು ತೊಡೆಯೂ ಗಡಗಡ ನಡುಗಿದವು.

"ಬಿಡ್ಲೇನು?" ಎಂದು ಕೇಳಿದ.

"ಬಿಡು" ಎಂದ ಮಾರೆಪ್ಪ.

ಗಾಳೇಶ ಬಿಡಲಿಲ್ಲ. ಚೀಲದ ತಳ ಹಿಡಿದುಕೊಂಡು ಅಣ್ಣನ ಹಿಂದೆ ಹಲಗೆ ಹತ್ತಿದ.